ಮೇಲೊಂದು ಬ್ಯಾಟರಿ ಇರಲಿ

ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ತದಡಿ, ಕಾರವಾರದ ಬೋಟು ಮಾಲೀಕರಿಗೆ, ತಾಂಡೇಲರಿಗೆ ಮತ್ತು ಬಂದರಿನಲ್ಲಿ ಎಲೆಕ್ಟ್ರಿಕ್ ಕೆಲಸ ಮಾಡುವ ಅಣ್ಣತಮ್ಮಂದಿರಿಗೆ ಒಂದು ಬಹಿರಂಗ ಪತ್ರ



ಈ ಪತ್ರವನ್ನು ಶಿರೂರಿನಿಂದ ಬರೆಯುತ್ತಿದ್ದೇನೆ. ಶಿರೂರು ಅಂದಕೂಡಲೇ ನಿಮಗೆ ಬೈಂದೂರಿನ ಪಕ್ಕದ ಶಿರೂರೋ, 2024ರ ಜುಲೈನಲ್ಲಿ ಗುಡ್ಡ ಕುಸಿದ ಅಂಕೋಲಾ ತಾಲ್ಲೂಕಿನ ಶಿರೂರೋ ನೆನಪಾಗಬಹುದು. ಇದು ಪುಣೆ ಜಿಲ್ಲೆಯದು. ಘೋಡ್ ನದಿಯ ದಂಡೆಯ ಊರು, ಪಕ್ಕದಲ್ಲಿ ರಾಂಜಣಗಾಂವ್ ಕೈಗಾರಿಕಾ ಪ್ರದೇಶ. ಸಮುದ್ರ ಇಲ್ಲಿಂದ ಘಟ್ಟದ ಆಚೆ, ದೂರ. ನಾನು ಮಾತ್ರ ಕರಾವಳಿಯವನೇ. ಮನೆಯ ಕಡೆಯವರು ಈಗಲೂ ಬೋಟಿಗೆ ಹೋಗುತ್ತಾರೆ. ನನ್ನ ಹೊಟ್ಟೆಪಾಡು ಇಲ್ಲಿ ವಾಹನಗಳ ವೈರಿಂಗ್ ಕಟ್ಟುವುದು: ಯಾವ ತಂತಿ ಎಷ್ಟು ದಪ್ಪ, ಫ್ಯೂಸ್ ಎಲ್ಲಿ, ಯಾವ ಜೋಡಣೆ ಅಲುಗಾಟಕ್ಕೆ ತಡೆಯುತ್ತದೆ, ಯಾವುದು ತಡೆಯುವುದಿಲ್ಲ ಎಂದು ನೋಡುವುದು. ಮಳೆಗಾಲದಲ್ಲಿ ಊರಿಗೆ ಬಂದಾಗಲೆಲ್ಲ ಮೇಲೆಳೆದಿಟ್ಟ ಬೋಟುಗಳ ಕ್ಯಾಬಿನ್ ಹತ್ತುತ್ತೇನೆ. ಸಾವಿರಾರು ರೂಪಾಯಿಯ ಫಿಶ್ ಫೈಂಡರ್, ಜಿಪಿಎಸ್, ವೈರ್‌ಲೆಸ್ ಸೆಟ್ ಸಾಲಾಗಿ ಕೂತಿರುತ್ತವೆ. ಹಲಗೆ ಎತ್ತಿ ಹಿಂದೆ ನೋಡಿದರೆ ಮನೆಯ ಬಲ್ಬಿಗೆ ಎಳೆಯುವ ತಂತಿ, ಹೆಣೆದು ಟೇಪು ಸುತ್ತಿದ ಜೋಡಣೆ, ಹಸಿರು ಕಿಲುಬು. ಮನಸ್ಸು ತಡೆಯದೆ ಬರೆಯುತ್ತಿದ್ದೇನೆ.

ಬರೆಯಲು ಇದೇ ಸರಿಯಾದ ಹೊತ್ತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟು ದಡದಲ್ಲಿರುತ್ತದೆ, ತಳ ಒಣಗಿರುತ್ತದೆ, ಕೈಗೆ ಸಿಗುತ್ತದೆ. ಬಣ್ಣ, ಬಲೆ, ಇಂಜಿನ್ ಎಲ್ಲಕ್ಕೂ ಆ ದಿನಗಳಲ್ಲಿ ಆಳು ಬರುತ್ತಾರೆ. ವೈರಿಂಗಿಗೆ ಯಾರೂ ಬರುವುದಿಲ್ಲ. ಆಗಸ್ಟಿಗೆ ಬೋಟು ಇಳಿಯುವ ಹಿಂದಿನ ದಿನ ಸೆಟ್ ಆನ್ ಮಾಡಿ, ಪರದೆ ಬೆಳಗಿತು ಅಂದರೆ ಸರಿಯಾಗಿದೆ ಎಂದೇ ಲೆಕ್ಕ.

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ನಿಮಗ್ಯಾರಿಗೂ ಮರೆತಿಲ್ಲ. ಉಡುಪಿ ಮತ್ತು ಉತ್ತರ ಕನ್ನಡದ 7 ಮಂದಿ ಅದರಲ್ಲಿದ್ದರು. ಒಂದೆರಡು ದಿನಗಳಲ್ಲಿ, ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ಆಚೆಯ ಸಮುದ್ರದಲ್ಲಿ ಸಂಪರ್ಕ ಕಡಿಯಿತು. ಬೋಟಿನ ಅವಶೇಷವನ್ನು ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಮಾಲ್ವಣ್ ಕರಾವಳಿಯಿಂದ ಸುಮಾರು 33 ಕಿಲೋಮೀಟರ್ ದೂರದಲ್ಲಿ ಪತ್ತೆ ಮಾಡಿದ್ದು 2019ರ ಮೇ ತಿಂಗಳಲ್ಲಿ. ನಡುವಿನ ನಾಲ್ಕೂವರೆ ತಿಂಗಳು ಆ ಮನೆಗಳವರು ಹೇಗೆ ಕಳೆದರೋ! ಆ ದುರಂತದ ಕಾರಣದ ಬಗ್ಗೆ ನಾನು ಮಾತಾಡುತ್ತಿಲ್ಲ, ತಂತಿಗೂ ಅದಕ್ಕೂ ಸಂಬಂಧ ಕಟ್ಟುತ್ತಲೂ ಇಲ್ಲ. ಬೋಟಿನಿಂದ ಬರುವ ಕೊನೆಯ ಒಂದು ಮಾತು, ಕೊನೆಯ ಒಂದು ಸ್ಥಾನ ಎಷ್ಟು ಬೆಲೆಯದು ಎಂಬುದನ್ನು ಆ ತಿಂಗಳುಗಳು ನಮಗೆಲ್ಲ ಕಲಿಸಿದವು ಎಂದಷ್ಟೇ ಹೇಳುತ್ತಿದ್ದೇನೆ. ಆ ಕೊನೆಯ ಮಾತು ಹೊರಡಬೇಕಾದರೆ ಸೆಟ್ಟಿಗೆ ಆ ಹೊತ್ತಿನಲ್ಲಿ ಕರೆಂಟು ಇರಬೇಕು.

ನಾನು ನೋಡಿದ ಬೋಟುಗಳಲ್ಲಿ ಬ್ಯಾಟರಿ ಇಂಜಿನ್ ಕೋಣೆಯಲ್ಲಿ, ತೀರಾ ಕೆಳಗೆ. ಇಂಜಿನ್ ಸ್ಟಾರ್ಟ್ ಮಾಡುವುದೂ ಅದೇ, ಲೈಟು ಉರಿಸುವುದೂ ಅದೇ, ಮೇಲಿನ ವೈರ್‌ಲೆಸ್, ಜಿಪಿಎಸ್, ಬೋಟು ಯಾವುದು, ಎಲ್ಲಿದೆ ಎಂದು ಸಾರುವ ಎಐಎಸ್ ನಡೆಸುವುದೂ ಅದೇ. ಬೋಟಿಗೆ ನೀರು ನುಗ್ಗಿದರೆ ಮೊದಲು ತುಂಬುವುದು ಯಾವ ಕೋಣೆ? ಇಂಜಿನ್ ನಿಲ್ಲುತ್ತದೆ, ಬ್ಯಾಟರಿ ಮುಳುಗುತ್ತದೆ, ಮೇಲೆ ಕ್ಯಾಬಿನ್ನಿನಲ್ಲಿ ಎಲ್ಲ ಪರದೆಗಳೂ ಒಟ್ಟಿಗೆ ಕಪ್ಪಾಗುತ್ತವೆ. ಬೋಟು ಇನ್ನೂ ತೇಲುತ್ತಿರುತ್ತದೆ, ತಾಂಡೇಲನ ಕೈಯಲ್ಲಿ ಮೈಕ್ ಇರುತ್ತದೆ, ಮಾತು ಹೋಗುವುದಿಲ್ಲ. ದೊಡ್ಡ ಹಡಗುಗಳ ಅಂತರರಾಷ್ಟ್ರೀಯ ನಿಯಮ ರೇಡಿಯೊಗೆ ಪ್ರತ್ಯೇಕ ಮೀಸಲು ವಿದ್ಯುತ್ ಇರಲೇಬೇಕು, ಅದು ಹಡಗಿನ ಇಂಜಿನ್ನಿನ ಮೇಲೆ ಆಧರಿಸಿರಬಾರದು ಎಂದು ಹೇಳುವುದು ಇದೇ ಕಾರಣಕ್ಕೆ. ನಮ್ಮ ಬೋಟಿಗೆ ಆ ನಿಯಮ ಅನ್ವಯಿಸದಿರಬಹುದು. ನೀರು ಮಾತ್ರ ಎರಡಕ್ಕೂ ಒಂದೇ.

ಆದ್ದರಿಂದ ನನ್ನ ಮೊದಲ ಮತ್ತು ದೊಡ್ಡ ಕೋರಿಕೆ: ಕ್ಯಾಬಿನ್ನಿನಲ್ಲಿ, ಮೇಲೆ, ಒಂದು ಬೇರೆ ಬ್ಯಾಟರಿ ಇಡಿ. ಸೀಲ್ ಮಾಡಿದ, ಆಸಿಡ್ ಚೆಲ್ಲದ 12 ವೋಲ್ಟಿನದು. 40 ಆಂಪಿಯರ್-ಅವರ್ ಸಾಕು. ವೈರ್‌ಲೆಸ್ ಸೆಟ್ ಬರೀ ಕೇಳಿಸಿಕೊಳ್ಳುವಾಗ ಅರ್ಧ ಆಂಪಿಯರ್ ಸುಮಾರು ಎಳೆಯುತ್ತದೆ, 25 ವಾಟ್‌ನಲ್ಲಿ ಮಾತಾಡುವಾಗ 5-6 ಆಂಪಿಯರ್. ಜಿಪಿಎಸ್, ಎಐಎಸ್ ಸೇರಿಸಿದರೂ ಆ ಬ್ಯಾಟರಿಯ ಅರ್ಧ ಬಲದಲ್ಲಿ ಒಂದು ಇಡೀ ರಾತ್ರಿ ಸಹಾಯ ಕೇಳಬಹುದು. ಬೋಟು ವಾಲಿದರೆ ಜಾರದಂತೆ ಅದನ್ನು ಪೆಟ್ಟಿಗೆಯಲ್ಲಿಟ್ಟು ಪಟ್ಟಿ ಬಿಗಿಯಬೇಕು. ಕೆಳಗಿನ ಚಾರ್ಜಿಂಗಿನಿಂದಲೇ ಇದೂ ತುಂಬಲಿ, ಆದರೆ ನಡುವೆ ಬ್ಯಾಟರಿ ಐಸೊಲೇಟರ್ ಬೇಕು. ಇಲ್ಲವಾದರೆ ಕೆಳಗಿನದು ಸತ್ತಾಗ ಮೇಲಿನದರ ಬಲವನ್ನೂ ಹೀರಿಕೊಂಡುಬಿಡುತ್ತದೆ. ಫಿಶ್ ಫೈಂಡರ್, ಡೆಕ್ಕಿನ ಲೈಟು, ಮೊಬೈಲ್ ಚಾರ್ಜರ್, ಹಾಡಿನ ಪೆಟ್ಟಿಗೆ ಯಾವುದನ್ನೂ ಈ ಬ್ಯಾಟರಿಗೆ ಸಿಕ್ಕಿಸಬೇಡಿ. ಇದು ಜೀವದ ಬ್ಯಾಟರಿ. ಇನ್ನೊಂದು ಲಾಭವೂ ಇದೆ: ಇಂಜಿನ್ ಸ್ಟಾರ್ಟ್ ಮಾಡಿದಾಗ ವೋಲ್ಟೇಜ್ ಕುಸಿದು ಜಿಪಿಎಸ್ ಆಫ್ ಆಗಿ ಮತ್ತೆ ಆನ್ ಆಗುವ ಕಾಟ ತಪ್ಪುತ್ತದೆ.

24 ವೋಲ್ಟಿನ ಬೋಟಿನವರಿಗೆ ಒಂದು ಮಾತು. ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದಲ್ಲಿ ನಡುವಿನಿಂದ ಒಂದು ತಂತಿ ಎಳೆದು, ಒಂದೇ ಬ್ಯಾಟರಿಯಿಂದ 12 ವೋಲ್ಟ್ ತೆಗೆಯುವ ರೂಢಿ ಇದೆ. ಹಾಗೆ ಮಾಡಿದಾಗ ಆ ಒಂದು ಬ್ಯಾಟರಿ ದಿನವೂ ಹೆಚ್ಚು ಖಾಲಿಯಾಗುತ್ತದೆ, ಚಾರ್ಜಿಂಗ್ ಮಾತ್ರ ಎರಡಕ್ಕೂ ಒಟ್ಟಿಗೆ. ಒಂದು ಹಸಿದೇ ಇರುತ್ತದೆ, ಇನ್ನೊಂದು ಮಿತಿಮೀರಿ ತುಂಬಿ ಕುದಿಯುತ್ತದೆ, ಜಲಜನಕ ಬಿಡುತ್ತದೆ. ಗಾಳಿಯಲ್ಲಿ ಜಲಜನಕ ನೂರಕ್ಕೆ 4 ಪಾಲಿನಷ್ಟಾದರೆ ಒಂದು ಕಿಡಿ ಸಾಕು. 24 ವೋಲ್ಟನ್ನು 12 ಮಾಡುವ ಕನ್ವರ್ಟರ್ ಹಾಕಿಸಿ. ಎರಡು ಬ್ಯಾಟರಿ ಹಾಳಾಗುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಇನ್ನು ತಂತಿ. "ಸೆಟ್ ಚೆನ್ನಾಗಿದೆ ಮಾರಾಯ, ಬೇರೆಯವರದ್ದು ಕೇಳ್ತದೆ, ನಮ್ಮದು ಅವರಿಗೆ ಕೇಳೂದಿಲ್ಲ" ಎಂಬ ದೂರನ್ನು ಪ್ರತಿ ಬಂದರಿನಲ್ಲೂ ಕೇಳಿದ್ದೇನೆ. ಸೆಟ್ ಬಿಚ್ಚಿ ರಿಪೇರಿಗೆ ಕಳಿಸುತ್ತಾರೆ. ಅಲ್ಲಿ ಎಲ್ಲ ಸರಿಯಿರುತ್ತದೆ, ವಾಪಸು ಬರುತ್ತದೆ, ಬೋಟಿನಲ್ಲಿ ಮತ್ತೆ ಅದೇ ಕಥೆ. ಲೆಕ್ಕ ಹಾಕಿ ನೋಡೋಣ. ಬ್ಯಾಟರಿಯಿಂದ ಕ್ಯಾಬಿನ್ನಿಗೆ 10 ಮೀಟರ್ ಅಂದುಕೊಳ್ಳಿ. ಹೋಗಿ ಬರುವ ತಂತಿ 20 ಮೀಟರ್. ಒಂದು ಚದರ ಮಿಲಿಮೀಟರಿನ ಮನೆವೈರ್ ಹಾಕಿದರೆ ಅದರ ತಡೆ ಹೆಚ್ಚುಕಡಿಮೆ 0.36 ಓಮ್. ಮಾತಾಡಲು ಗುಂಡಿ ಒತ್ತಿದಾಗ 6 ಆಂಪಿಯರ್ ಹರಿದರೆ ತಂತಿಯಲ್ಲೇ 2 ವೋಲ್ಟಿಗಿಂತ ಹೆಚ್ಚು ಕಳೆದುಹೋಗುತ್ತದೆ. ಬ್ಯಾಟರಿಯಲ್ಲಿ 12 ಇದ್ದರೂ ಸೆಟ್ಟಿಗೆ ಸಿಗುವುದು 10ಕ್ಕಿಂತ ಕಡಿಮೆ. ಕೇಳುವುದಕ್ಕೆ ಅರ್ಧ ಆಂಪಿಯರ್ ಸಾಕಾದ್ದರಿಂದ ಕೇಳುತ್ತದೆ, ಮಾತಾಡಲು ಬಲ ಸಾಲದು. ಅದೇ ಜಾಗಕ್ಕೆ 6 ಚದರ ಮಿಲಿಮೀಟರಿನ ತಂತಿ ಎಳೆಯಿರಿ, ನಷ್ಟ ಅರ್ಧ ವೋಲ್ಟಿಗಿಂತಲೂ ಕೆಳಗೆ ಇಳಿಯುತ್ತದೆ. ಸೆಟ್ಟಿನ ರೋಗ ತಂತಿಯಲ್ಲಿತ್ತು. ಬಂದರಿನಲ್ಲಿ ಕೆಲಸ ಮಾಡುವ ಅಣ್ಣತಮ್ಮಂದಿರೇ, ವೋಲ್ಟೇಜನ್ನು ಬ್ಯಾಟರಿಯ ತುದಿಯಲ್ಲಿ ನೋಡಿ ಬಿಡಬೇಡಿ. ಸೆಟ್ಟಿನ ಹಿಂದೆ ಮೀಟರ್ ಹಿಡಿದು, ಇನ್ನೊಬ್ಬರಿಂದ ಮೈಕ್ ಗುಂಡಿ ಒತ್ತಿಸಿ ನೋಡಿ. ಆಗ ಕಾಣುವ ಅಂಕೆಯೇ ನಿಜ.

ದಪ್ಪ ಇದ್ದರೂ ಸಾಲದು, ತಂತಿಯ ಜಾತಿಯೂ ನೋಡಬೇಕು. ಸಮುದ್ರದ ಗಾಳಿ ತಾಮ್ರವನ್ನು ಬಿಡುವುದಿಲ್ಲ. ತುದಿಯಲ್ಲಿ ಹಸಿರು ಕಿಲುಬು ಹಿಡಿದರೆ ಅದು ಪ್ಲಾಸ್ಟಿಕ್ಕಿನ ಒಳಗೇ ಮೇಲೇರುತ್ತ ಹೋಗುತ್ತದೆ. ಹೊರಗಿನಿಂದ ನೋಡಿದರೆ ತಂತಿ ಹೊಸದರ ಹಾಗೆ, ಒಳಗೆ ಕಪ್ಪು ಪುಡಿ. ಎಳೆ ಎಳೆಗೂ ತವರ ಲೇಪಿಸಿದ, ಹಲವು ಎಳೆಗಳ ಮೆರೈನ್ ತಂತಿ ಸಿಗುತ್ತದೆ. ಬೆಲೆ ಜಾಸ್ತಿ, ಬಾಳಿಕೆಯೂ ಜಾಸ್ತಿ. ಒಂದೇ ಗಟ್ಟಿ ಎಳೆಯ ತಂತಿಯನ್ನಂತೂ ಬೋಟಿಗೆ ತರಲೇಬೇಡಿ. ಇಂಜಿನ್ನಿನ ನಡುಕಕ್ಕೆ ಅದು ಕುತ್ತಿಗೆಯಲ್ಲೇ ಮುರಿಯುತ್ತದೆ. ಜೋಡಣೆಯನ್ನು ಸರಿಯಾದ ಇಕ್ಕಳದಿಂದ ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ತೋಳು ಹಾಕಿ ಬಿಸಿ ಮಾಡಿದರೆ ನೀರು ಒಳಹೋಗದು. ನಾವು ರಸ್ತೆಯ ಮೇಲೆ ಓಡುವ ಗಾಡಿಗೇ ಹೆಣೆದು ಟೇಪು ಸುತ್ತಿದ ಜೋಡಣೆ ಒಪ್ಪುವುದಿಲ್ಲ. ಉಪ್ಪುನೀರಿನಲ್ಲಿ ಹತ್ತು ದಿನ ಇರುವ ಬೋಟಿಗೆ ಅದನ್ನು ಒಪ್ಪುವುದು ಹೇಗೆ? ತಂತಿ ಸೆಟ್ಟಿಗೆ ಸೇರುವ ಮುಂಚೆ ಒಂದು ಬಳುಕು ಕೆಳಗಿಳಿಸಿ ಮತ್ತೆ ಮೇಲೇರಿಸಿ. ತಂತಿಗುಂಟ ಇಳಿದ ನೀರು ಆ ಬಳುಕಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಕಬ್ಬಿಣದ ಬೋಟಿನಲ್ಲಿ ಮೈಯನ್ನೇ ನೆಗೆಟಿವ್ ಮಾಡುವುದು ಬೇಡ. ಪ್ರತಿ ಉಪಕರಣಕ್ಕೂ ಎರಡೂ ತಂತಿ ಎಳೆಯಿರಿ. ಮೈಯಲ್ಲಿ ಕರೆಂಟು ಹರಿದರೆ ತಗಡು ತಿಂದುಹೋಗುತ್ತದೆ.

ಫ್ಯೂಸ್ ಎಲ್ಲಿರಬೇಕು ಎಂಬುದರಲ್ಲಿ ತುಂಬ ಜನ ತಪ್ಪುತ್ತಾರೆ. ಸೆಟ್ಟಿನ ಜೊತೆ ಬಂದ ಪುಟ್ಟ ಫ್ಯೂಸ್ ಸೆಟ್ಟನ್ನು ಕಾಯುತ್ತದೆ. ಬ್ಯಾಟರಿಯಿಂದ ಅಲ್ಲಿಯವರೆಗಿನ ಹತ್ತು ಮೀಟರ್ ತಂತಿಯನ್ನು ಕಾಯುವವರು ಯಾರು? ನಡುವೆ ಎಲ್ಲೋ ತಗಡಿಗೆ ಉಜ್ಜಿ ತೊಗಲು ಹರಿದರೆ ಬ್ಯಾಟರಿಯ ಪೂರ್ತಿ ಬಲ ಅಲ್ಲಿ ಹರಿದು ತಂತಿ ಕೆಂಡವಾಗುತ್ತದೆ. ಪಕ್ಕದಲ್ಲಿ ಡೀಸೆಲ್, ಅಡುಗೆಯ ಗ್ಯಾಸು, ನೈಲಾನ್ ಬಲೆ. ಆದ್ದರಿಂದ ಮೊದಲ ಫ್ಯೂಸ್ ಬ್ಯಾಟರಿಯ ಪಾಸಿಟಿವ್ ತುದಿಯಿಂದ ಒಂದು ಗೇಣಿನೊಳಗೇ ಇರಬೇಕು, ತಂತಿ ತಡೆಯುವಷ್ಟೇ ಅಳತೆಯದಾಗಿರಬೇಕು. ಫ್ಯೂಸ್ ಹೋದರೆ ಅದರ ಜಾಗಕ್ಕೆ ತಂತಿ ತುಂಡೋ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದವೋ ಸುತ್ತುವುದನ್ನು ದಯವಿಟ್ಟು ನಿಲ್ಲಿಸಿ. ಹತ್ತು ಫ್ಯೂಸಿನ ಒಂದು ಡಬ್ಬಿ ಕ್ಯಾಬಿನ್ನಿನಲ್ಲಿರಲಿ. 2023ರ ನವೆಂಬರಿನಲ್ಲಿ ಗಂಗೊಳ್ಳಿಯಲ್ಲಿ ನಿಂತಿದ್ದ ಬೋಟುಗಳು ಹೊತ್ತಿ ಉರಿದದ್ದನ್ನು ನೋಡಿದ್ದೇವೆ. ಅದರ ಕಾರಣ ಏನೇ ಇರಲಿ, ಒತ್ತೊತ್ತಾಗಿ ಕಟ್ಟಿದ ಬೋಟುಗಳಲ್ಲಿ ಒಂದರ ಬೆಂಕಿ ಒಂದರದ್ದಾಗಿ ಉಳಿಯುವುದಿಲ್ಲ.

ತಳದಲ್ಲಿ ಕೂತು ಶಬ್ದ ಕಳಿಸುವ, ಫಿಶ್ ಫೈಂಡರಿನ ಟ್ರಾನ್ಸ್‌ಡ್ಯೂಸರ್ ವಿಷಯ ಬೇರೆಯೇ. ಬೇರೆಲ್ಲ ಉಪಕರಣ ಕೆಟ್ಟರೆ ಕೆಲಸ ನಿಲ್ಲುತ್ತದೆ. ಇದು ಕೆಟ್ಟದಾಗಿ ಕೂತರೆ ಬೋಟಿಗೇ ಅಪಾಯ, ಏಕೆಂದರೆ ಇದಕ್ಕಾಗಿ ನಾವೇ ತಳಕ್ಕೆ ತೂತು ಕೊರೆಯುತ್ತೇವೆ. ಮರದ ಬೋಟಿಗೆ ಪ್ಲಾಸ್ಟಿಕ್ ಮೈಯದನ್ನು ಹಾಕಬಾರದು. ಮರ ನೀರು ಕುಡಿದು ಉಬ್ಬಿದಾಗ ಅದನ್ನು ಹಿಂಡಿ ಸೀಳುತ್ತದೆ. ಅಲ್ಲಿ ಕಂಚಿನದು ಬೇಕು. ಅದೇ ಕಂಚಿನದನ್ನು ಕಬ್ಬಿಣದ ಬೋಟಿಗೆ ನೇರವಾಗಿ ಕೂರಿಸಿದರೆ ಉಪ್ಪುನೀರಿನಲ್ಲಿ ಕಂಚು ಉಳಿದು, ಸುತ್ತಲ ಕಬ್ಬಿಣ ಕರಗುತ್ತದೆ. ಅಲ್ಲಿ ಎರಡು ಲೋಹ ತಾಗದಂತೆ ನಡುವೆ ಬೇರ್ಪಡಿಸುವ ತೊಡಿಗೆ ಇರುವಂಥದ್ದನ್ನೇ ಆರಿಸಬೇಕು. ಫೈಬರ್ ಬೋಟಿಗೆ ಪ್ಲಾಸ್ಟಿಕ್ ನಡೆಯುತ್ತದೆ, ಆದರೆ ಎರಡು ಪದರದ ನಡುವೆ ಫೋಮೋ ಮರವೋ ಇದ್ದರೆ ತೂತಿನ ಅಂಚನ್ನು ರಾಳದಿಂದ ಪೂರ್ತಿ ಮುಚ್ಚಿಯೇ ಮುಂದಿನ ಕೆಲಸ. ಬಚ್ಚಲಿಗೆ ಹಚ್ಚುವ ಸಿಲಿಕೋನ್ ನೀರಿನ ಮಟ್ಟದ ಕೆಳಗೆ ನಂಬಿಕೆಗೆ ಅರ್ಹವಲ್ಲ. ಮೆರೈನ್ ಸೀಲಂಟೇ ಬೇಕು, ಅದು ಗಟ್ಟಿಯಾಗಲು ಡಬ್ಬಿಯ ಮೇಲೆ ಬರೆದಷ್ಟು ಸಮಯವನ್ನೂ ಕೊಡಬೇಕು. ಬೋಟು ನೀರಿಗೆ ಇಳಿದ ಕೂಡಲೇ ಹಲಗೆ ಎತ್ತಿ ಟಾರ್ಚ್ ಹಾಕಿ ನೋಡಿ, ಮಾರನೇ ದಿನ ಮತ್ತೊಮ್ಮೆ ನೋಡಿ, ಆಮೇಲೆ ಅಳಿವೆ ದಾಟಿ. ಆ ತೂತಿನ ಅಳತೆಗೆ ಸರಿಯಾದ ಒಂದು ಮರದ ಬೆಣೆಯನ್ನು ಅದರ ಪಕ್ಕದಲ್ಲೇ ದಾರ ಕಟ್ಟಿ ಇಡಿ.

ಜಾಗವೂ ಮುಖ್ಯ. ಫಿಶ್ ಫೈಂಡರ್ ಶಬ್ದವನ್ನು ಕೆಳಗೆ ಕಳಿಸಿ ಮರುದನಿ ಎಣಿಸುತ್ತದೆ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುವುದರಿಂದ 60 ಮೀಟರ್ ಆಳಕ್ಕೆ ಹೋಗಿ ಬರಲು ಸೆಕೆಂಡಿನ ಹನ್ನೆರಡನೇ ಒಂದು ಪಾಲು ಸಾಕು. ಆದರೆ ಗಾಳಿಗುಳ್ಳೆಯನ್ನು ಶಬ್ದ ದಾಟುವುದಿಲ್ಲ. ಪ್ರೊಪೆಲ್ಲರಿನ ಹತ್ತಿರ, ನೀರಿನ ಪೈಪು ಹೊರಬರುವ ಜಾಗದ ಹಿಂದೆ ಕೂರಿಸಿದರೆ ಪರದೆಯ ತುಂಬ ಚುಕ್ಕೆ. ಅದನ್ನೇ ಮೀನಿನ ಗುಂಪು ಎಂದು ಬಲೆ ಬಿಟ್ಟವರನ್ನೂ ಕಂಡಿದ್ದೇನೆ. ಆ ಡೀಸೆಲ್ ಯಾರ ಲೆಕ್ಕಕ್ಕೆ? ನಮ್ಮ ಟ್ರಾಲ್ ಬೋಟಿನಂಥ ಮೈಗೆ ಮುಂದಿನಿಂದ ಮೂರನೇ ಒಂದು ಭಾಗದಷ್ಟು ಹಿಂದೆ, ಸದಾ ನೀರಿನಲ್ಲಿ ಮುಳುಗಿರುವ, ನೀರು ಶಾಂತವಾಗಿ ಹರಿಯುವ ಜಾಗ ಒಳ್ಳೆಯದು. ಮುಖ ನೇರ ಕೆಳಕ್ಕಿರಬೇಕು. ಬಣ್ಣ ಬಳಿಯುವ ಹುಡುಗರಿಗೆ ಮೊದಲೇ ಹೇಳಿ: ಅದರ ಮುಖಕ್ಕೆ ದಪ್ಪ ಬಣ್ಣ ಬಳಿಯಬಾರದು. ಕೇಬಲ್ ಉದ್ದವಾಯಿತೆಂದು ಕತ್ತರಿಸಬಾರದು, ಸುರುಳಿ ಸುತ್ತಿಡಿ. ಆಲ್ಟರ್ನೇಟರ್ ತಂತಿಯ ಜೊತೆಗೂ ವೈರ್‌ಲೆಸ್ ಆಂಟೆನಾ ಕೇಬಲ್ ಜೊತೆಗೂ ಅದನ್ನು ಕಟ್ಟಬಾರದು. ಆಳದ ನೀರಿಗೆ 50 ಕಿಲೋಹರ್ಟ್ಜ್, ದಡದ ಹತ್ತಿರದ ಸ್ಪಷ್ಟ ಚಿತ್ರಕ್ಕೆ 200 ಎಂಬುದು ತಾಂಡೇಲರಿಗೆ ನನಗಿಂತ ಚೆನ್ನಾಗಿ ಗೊತ್ತು.

ಆಂಟೆನಾಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಜಿಪಿಎಸ್‌ಗೆ ಆಕಾಶ ಕಾಣಬೇಕು, ರೇಡಾರ್ ಇದ್ದರೆ ಅದರ ಕಿರಣಕ್ಕೆ ಸಿಗಬಾರದು. ತುಂಬ ಎತ್ತರದ ಕಂಬದ ತುದಿಯೂ ಬೇಡ, ಬೋಟು ತೂಗಿದಂತೆ ಅದರ ಸ್ಥಾನವೂ ತೂಗುತ್ತದೆ. ವೈರ್‌ಲೆಸ್ ಆಂಟೆನಾ ಎತ್ತರದಲ್ಲಿದ್ದಷ್ಟೂ ದೂರ ಕೇಳುತ್ತದೆ. ದಿಕ್ಸೂಚಿಯ ಪಕ್ಕ ಸ್ಪೀಕರ್, ಸೆಟ್ ಇಡಬೇಡಿ. ಎಷ್ಟು ದೂರ ಎಂದು ಪ್ರತಿ ಉಪಕರಣದ ಪುಸ್ತಕದಲ್ಲಿದೆ. ಕಬ್ಬಿಣದ ಬೋಟಿಗೆ ವೆಲ್ಡಿಂಗ್ ಮಾಡುವ ಮುಂಚೆ ಎಲ್ಲ ಸೆಟ್‌ಗಳ ತಂತಿ ಕಳಚಿ.

ಎಲ್‌ಇಡಿ ಲೈಟುಗಳ ಒಂದು ಕಾಟ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಅಗ್ಗದ ಎಲ್‌ಇಡಿಯೊಳಗಿನ ಸರ್ಕ್ಯೂಟು ಹೊರಡಿಸುವ ಸದ್ದು ವಿಎಚ್‌ಎಫ್ ವೈರ್‌ಲೆಸ್ಸನ್ನೂ ಎಐಎಸ್ಸನ್ನೂ ಕಿವುಡು ಮಾಡುತ್ತದೆ. ಅಮೆರಿಕದ ಕೋಸ್ಟ್ ಗಾರ್ಡ್ 2018ರಲ್ಲಿ ಇದರ ಬಗ್ಗೆಯೇ ಎಚ್ಚರಿಕೆ ಹೊರಡಿಸಿತ್ತು. ಪರೀಕ್ಷೆ ಸುಲಭ. ಲೈಟೆಲ್ಲ ಆರಿಸಿ, ಯಾರೂ ಮಾತಾಡದ ಒಂದು ಚಾನೆಲ್‌ಗೆ ಹೋಗಿ, ಸ್ಕ್ವೆಲ್ಚ್ ತಿರುಗಿಸಿ ಸದ್ದು ಆಗಷ್ಟೇ ನಿಲ್ಲುವಲ್ಲಿ ಬಿಡಿ. ಈಗ ಒಂದೊಂದೇ ಲೈಟು ಹಾಕಿ. ಯಾವುದು ಹಾಕಿದಾಗ ಸದ್ದು ಮರಳಿ ಬಂತೋ ಅದನ್ನು ಬದಲಿಸಿ, ಇಲ್ಲವೇ ಆಂಟೆನಾದಿಂದ ದೂರ ಸರಿಸಿ. ರಾತ್ರಿ, ಲೈಟು ಹಾಕಿದ ಹೊತ್ತಿನಲ್ಲೇ ಆಪತ್ತಿನ ಚಾನೆಲ್ 16ರಲ್ಲಿ ಯಾರೋ ಕೂಗುತ್ತಿರಬಹುದು.

ಕೂರಿಸಿದ ಮೇಲೆ ಸೆಟ್ಟಿಂಗ್. 20 ಮೀಟರಿಗಿಂತ ಉದ್ದದ ಬೋಟಿಗೆ ಎಐಎಸ್ ಕಡ್ಡಾಯ. ಅದಕ್ಕೂ, ವೈರ್‌ಲೆಸ್ಸಿನ ಆಪತ್ತಿನ ಕೆಂಪು ಗುಂಡಿಗೂ ಒಂಬತ್ತು ಅಂಕೆಯ ಎಂಎಂಎಸ್‌ಐ ಸಂಖ್ಯೆ ತುಂಬಬೇಕು. ನಮ್ಮ ದೇಶದ ಬೋಟುಗಳದ್ದು 419ರಿಂದ ಶುರುವಾಗುತ್ತದೆ. ಹಳೆಯ ಸೆಟ್ ಕೊಂಡು ಹಿಂದಿನ ಬೋಟಿನ ಸಂಖ್ಯೆಯನ್ನೇ ಬಿಟ್ಟರೆ, ನೀವು ಕೆಂಪು ಗುಂಡಿ ಒತ್ತಿದಾಗ ದಡದಲ್ಲಿ ಹುಡುಕುವುದು ಇನ್ನೊಬ್ಬರ ಬೋಟನ್ನು. ಜಿಪಿಎಸ್ಸಿನ ತಂತಿಯನ್ನು ವೈರ್‌ಲೆಸ್‌ಗೆ ಜೋಡಿಸದೆ ಬಿಟ್ಟರೆ ಕೂಗು ಹೋಗುತ್ತದೆ, ಸ್ಥಾನ ಹೋಗುವುದಿಲ್ಲ. ಸ್ಥಾನ ಓದಿ ಹೇಳುವಾಗಲೂ ಜಾಗ್ರತೆ ಬೇಕು: 13 ಡಿಗ್ರಿ 20.50 ನಿಮಿಷ ಬೇರೆ, 13 ಡಿಗ್ರಿ 20 ನಿಮಿಷ 50 ಸೆಕೆಂಡು ಬೇರೆ. ಎರಡರ ನಡುವೆ 600 ಮೀಟರಿಗೂ ಹೆಚ್ಚು ಅಂತರವಿದೆ. ಕತ್ತಲಲ್ಲಿ, ಅಲೆಯಲ್ಲಿ ಒಬ್ಬ ಮನುಷ್ಯನ ತಲೆ ಹುಡುಕುವವರಿಗೆ ಅದು ದೊಡ್ಡ ದೂರ.

ಸಂಘಗಳ ಮುಖಂಡರಿಗೆ, ಮೀನುಗಾರಿಕೆ ಇಲಾಖೆಯವರಿಗೂ ಒಂದು ಬಿನ್ನಹ. 2024ರ ಆಗಸ್ಟ್ 30ರಂದು ಇದೇ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಪ್ರಧಾನಿಯವರು ಚಾಲನೆ ಕೊಟ್ಟ ಯೋಜನೆಯಲ್ಲಿ 364 ಕೋಟಿ ರೂಪಾಯಿಯಲ್ಲಿ 13 ಕರಾವಳಿ ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 1 ಲಕ್ಷ ಬೋಟುಗಳಿಗೆ ಟ್ರಾನ್ಸ್‌ಪಾಂಡರ್ ಕೊಡುವ ಮಾತಿದೆ. ಇಸ್ರೊದ ಎರಡನೇ ತಲೆಮಾರಿನ ಆಪತ್ತಿನ ಸಾಧನ ಡಿಎಟಿ-ಎಸ್‌ಜಿ, ಕೂಗು ತಲುಪಿತೆಂಬ ಉತ್ತರವನ್ನೂ ಬೋಟಿಗೆ ಮರಳಿ ಕಳಿಸುತ್ತದೆ. ಆ ಕೂಗನ್ನು ಕೇಳುವ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ. ಇವೆಲ್ಲ ಬಹಳ ಒಳ್ಳೆಯ ಕೆಲಸ. ಆದರೆ ಉಪಕರಣ ಕೊಟ್ಟಾಗ ಅದನ್ನು ಕೂರಿಸುವ ಕೈಯನ್ನೂ ತಯಾರು ಮಾಡಬೇಕು. ಪ್ರತಿ ಬಂದರಿನಲ್ಲಿ ನಾಲ್ಕಾರು ಎಲೆಕ್ಟ್ರಿಶಿಯನ್ನರಿಗೆ ನಿಷೇಧದ ದಿನಗಳಲ್ಲಿ ತರಬೇತಿ ಕೊಡಿ. ಸಹಾಯಧನದಲ್ಲಿ ತಂತಿ, ಫ್ಯೂಸ್, ಮೇಲಿನ ಬ್ಯಾಟರಿಯ ಖರ್ಚನ್ನೂ ಸೇರಿಸಿ. ವೈರಿಂಗ್ ನೋಡಿ ಸಹಿ ಹಾಕಿದ ಒಂದು ಹಾಳೆ ಇಲ್ಲದೆ ಬೋಟು ಇಳಿಯಬಾರದು ಎಂದು ಸಂಘಗಳೇ ಒಂದು ಕಟ್ಟು ಮಾಡಿಕೊಂಡರೆ ಸರ್ಕಾರದ ಆದೇಶಕ್ಕೆ ಕಾಯಬೇಕಾಗಿಲ್ಲ.

ಮಾಲೀಕರೇ, ಎಲ್ಲವನ್ನೂ ಒಂದೇ ಮಳೆಗಾಲದಲ್ಲಿ ಮಾಡಿಸಲು ಕಷ್ಟ ಎಂದು ನನಗೆ ಗೊತ್ತು. ಡೀಸೆಲ್, ಮಂಜುಗಡ್ಡೆ, ಬಲೆ, ಸಾಲದ ಕಂತು, ಎಲ್ಲ ನಿಮ್ಮ ತಲೆಯ ಮೇಲಿದೆ. ಈ ವರ್ಷ ಮೂರೇ ಕೆಲಸ ಮಾಡಿಸಿ: ಕ್ಯಾಬಿನ್ನಿನಲ್ಲಿ ಬೇರೆ ಬ್ಯಾಟರಿ, ಎರಡೂ ಬ್ಯಾಟರಿಯ ತುದಿಯಲ್ಲಿ ಫ್ಯೂಸ್, ವೈರ್‌ಲೆಸ್‌ಗೆ ದಪ್ಪ ತಂತಿ. ಆಮೇಲೆ ಕೆಳಗಿನ ಬ್ಯಾಟರಿಯ ಸ್ವಿಚ್ ಪೂರ್ತಿ ಆಫ್ ಮಾಡಿ, ದಕ್ಕೆಯಲ್ಲೇ ನಿಂತು ಪಕ್ಕದ ಬೋಟಿನವರ ಜೊತೆ ವೈರ್‌ಲೆಸ್ಸಿನಲ್ಲಿ ಮಾತಾಡಿ ನೋಡಿ. ಕರಾವಳಿ ರಕ್ಷಣಾ ಪಡೆಯ 1554, ಕರಾವಳಿ ಕಾವಲು ಪೊಲೀಸರ 1093 ಸಂಖ್ಯೆಗಳನ್ನು ಬೋಟಿನಲ್ಲೂ ಮನೆಯಲ್ಲೂ ಕಾಣುವ ಹಾಗೆ ಬರೆದಿಡಿ. ಆಗಸ್ಟ್ ಒಂದಕ್ಕೆ ಮುಂಚೆ ಇಷ್ಟನ್ನು ಮಾಡಿಸಿ ಎಂದು ಕೈಮುಗಿದು ಕೇಳುತ್ತೇನೆ.

ಇಂತಿ ನಿಮ್ಮವನು,
ಕರಾವಳಿಯ ಒಬ್ಬ ವೈರಿಂಗ್ ಕೆಲಸಗಾರ
ಶಿರೂರು, ಪುಣೆ ಜಿಲ್ಲೆ